ಎ1 ಮುಗಿದ ಮೇಲಿನ ಇಪ್ಪತ್ತು ದಿನ

ಬೆಳಗಾವಿಯ ಟಿಳಕವಾಡಿಯಲ್ಲಿ, ಮಾಳಿಗೆ ಮೇಲಿನ ಒಂದು ಕೋಣೆಯಲ್ಲಿ ನಾನು ಜರ್ಮನ್ ಕಲಿಸುತ್ತೇನೆ. ಬರುವವರಲ್ಲಿ ಜಾಸ್ತಿ ಮಂದಿ ನರ್ಸಿಂಗ್ ಮುಗಿಸಿದ ಹುಡುಗಿಯರು. ಉಳಿದವರು ಉದ್ಯಮಬಾಗದ ಕಾರ್ಖಾನೆಗಳಲ್ಲಿರುವ ಎಂಜಿನಿಯರ್ ಹುಡುಗರು. ಮೊದಲ ಹಂತ ಎ1 ನನ್ನದು. ಅದರ ಮುಂದಿನ ಹಂತ ಎ2 ನಮ್ಮ ಮೇಡಂ ಒಬ್ಬರದು.

ಮೊದಲಿನ ಎರಡು-ಮೂರು ವರ್ಷ ಒಂದೇ ಕಥೆ. ನನ್ನ ಹತ್ತಿರ ಒಳ್ಳೆ ಅಂಕ ತೆಗೆದವರು ಎ2 ಶುರುವಾಗಿ ಎರಡನೇ ವಾರಕ್ಕೆ ಬರುವುದನ್ನೇ ಬಿಡುತ್ತಿದ್ದರು. ಮೇಡಂ ಒಂದು ದಿನ ಅಂದೇಬಿಟ್ಟರು, "ನಿಮ್ಮ ಹುಡುಗ್ರು ಬಾಯಿನ ಬಿಡಂಗಿಲ್ರಿ ಸರ. ಮಾರ್ಕ್ಸ್ ಎಲ್ಲಿಂದ ಬಂದಾವೋ ಏನೋ!" ನನಗೆ ಸಿಟ್ಟು ಬಂತು. ಆಯ್ತು, ನೋಡಿಯೇ ಬಿಡೋಣ ಅಂತ ಒಂದು ಸಂಜೆ ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತೆ.

ನನ್ನ ಮುಂದೆಯೇ ಗೋಕಾಕದ ಹುಡುಗಿ. ಎ1ರಲ್ಲಿ 88 ತೆಗೆದವಳು. ಮೇಡಂ ಜರ್ಮನ್‌ನಲ್ಲಿ ಏನೋ ಹೇಳಿದರು. ದೊಡ್ಡದೇನಲ್ಲ: ಹದಿನಾಲ್ಕನೇ ಪುಟ ತೆಗೆಯಿರಿ, ಪಕ್ಕದವರ ಜೊತೆ ಮಾತಾಡಿ, ಆಮೇಲೆ ಅದಲುಬದಲು ಮಾಡಿಕೊಳ್ಳಿ. ಹುಡುಗಿ ಪೆನ್ನಿನ ಕ್ಯಾಪ್ ಹಾಕಿದಳು, ತೆಗೆದಳು. ಬಾಜೂದವಳ ಪುಸ್ತಕದಲ್ಲಿ ಯಾವ ಪುಟ ಅಂತ ಇಣುಕಿದಳು. ಆಮೇಲೆ ತಲೆ ಕೆಳಗೆ ಹಾಕಿದವಳು ಎತ್ತಲೇ ಇಲ್ಲ. ಆ ಪುಟದ ಪ್ರಶ್ನೆಗಳಿಗೆಲ್ಲ ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಾಗದೆ ಇದ್ದದ್ದು ಏನು ಮಾಡಬೇಕು ಅನ್ನುವುದು.

ತಪ್ಪು ನನ್ನದೇ. ನನ್ನ ಕ್ಲಾಸಿನಲ್ಲಿ ಜರ್ಮನ್ ಇರುತ್ತಿದ್ದದ್ದು ಪುಸ್ತಕದಲ್ಲಿ ಮಾತ್ರ. "ಪೇಜ್ ತಗೀರಿ, ಬಾಜೂದವ್ರ ಜೋಡಿ ಮಾಡ್ರಿ, ಲಗೂ ಮಾಡ್ರಿ" ಎಲ್ಲ ಕನ್ನಡದಲ್ಲೇ. ಎ1ರ ಕೊನೇ ದಿನದವರೆಗೆ ಹಾಗೇ. ಎ2ರ ಮೊದಲ ದಿನ ಮೇಡಂ ಪೂರ್ತಿ ಜರ್ಮನ್. ನಡುವಿನ ಮೆಟ್ಟಿಲನ್ನು ಯಾರೂ ಕಟ್ಟಿರಲಿಲ್ಲ.

ಮುಂದಿನ ಬ್ಯಾಚಿನಿಂದ ಒಂದು ಕೆಲಸ ಶುರು ಮಾಡಿದೆ. ಎ1ರ ಅರ್ಧಕ್ಕೆ ಬಂದ ಮೇಲೆ ವಾರಕ್ಕೆ ಎರಡು-ಮೂರು ಮಾತನ್ನು ಕನ್ನಡದಿಂದ ಜರ್ಮನ್‌ಗೆ ಬದಲಾಯಿಸುವುದು. ಬದಲಾಯಿಸಿದ್ದನ್ನು ಡ್ರಾಯಿಂಗ್ ಶೀಟಿನ ಮೇಲೆ ಬರೆದು ಗೋಡೆಗೆ ಅಂಟಿಸುವುದು. ಆಮೇಲೆ ಆ ಮಾತು ನನ್ನ ಬಾಯಿಂದ ಕನ್ನಡದಲ್ಲಿ ಬರಬಾರದು. ನನಗೇ ಕಷ್ಟವಾಯಿತು, ಅವರಿಗಲ್ಲ. ಕೊನೆಗೆ ಶೀಟಿನ ಮೇಲೆ ಸುಮಾರು ಮೂವತ್ತು ಮಾತು ಇರುತ್ತವೆ. ಅದರಲ್ಲಿ ನನಗೆ ಮುಖ್ಯ ಅನಿಸುವುದು ವಿದ್ಯಾರ್ಥಿಗಳೇ ಹೇಳಬೇಕಾದವು: "ಲಾಂಗ್‌ಜಾಮ್, ಬಿಟ್ಟೆ" ಅಂದರೆ ದಯವಿಟ್ಟು ನಿಧಾನ ಹೇಳಿ, "ನೋಖ್ ಮಾಲ್, ಬಿಟ್ಟೆ" ಅಂದರೆ ಇನ್ನೊಮ್ಮೆ ಹೇಳಿ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ "ಏನ್ ಬಿಟ್ರಿ ಸರ?" ಅಂತ ಕೇಳಿ ನಗಿಸುತ್ತಾರೆ. ನಗಲಿ. ನಕ್ಕ ಮಾತು ಮರೆಯುವುದಿಲ್ಲ.

ಇನ್ನೊಂದು, ವ್ಯಾಕರಣದ್ದು. ಎ1ರಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲಿ, ಎರಡನೇ ಜಾಗದಲ್ಲಿ ಅಂತ ತಲೆಗೆ ತುಂಬಿರುತ್ತೇವೆ. ಎ2ಕ್ಕೆ ಹೋದರೆ 'ವೈಲ್' (ಯಾಕಂದರೆ) ಬಂದು ಅದನ್ನು ವಾಕ್ಯದ ಕೊನೆಗೆ ತಳ್ಳುತ್ತದೆ. ಹುಡುಗರು ಗಾಬರಿ ಬೀಳುತ್ತಾರೆ. ಈಗ ಎ1ರ ಕೊನೇ ಎರಡು ಕ್ಲಾಸಿನಲ್ಲಿ ನಿಯಮ ಹೇಳದೆ ಬೋರ್ಡಿನ ಮೇಲೆ ಒಂದು ಸಾಲು ಬರೆಯುತ್ತೇನೆ: ವೈಲ್ ಇಷ್ ಹೊಯ್ಟೆ ನಾಖ್ ಗೋಕಾಕ್ ಫಾರೆ. ಅದರ ಕೆಳಗೆ ಕನ್ನಡ: ಯಾಕಂದರೆ ನಾನು ಇವತ್ತು ಗೋಕಾಕಕ್ಕೆ ಹೋಗುತ್ತೇನೆ. 'ನಾಖ್ ಗೋಕಾಕ್' ಎರಡನ್ನೂ ಸೇರಿಸಿ 'ಗೋಕಾಕಕ್ಕೆ' ಅಂತ ಹಿಡಿದು, ಒಂದೊಂದಕ್ಕೂ ಗೆರೆ ಎಳೆಯುತ್ತಾ ಹೋದರೆ ಎಲ್ಲ ನೆಟ್ಟಗೆ ಕೆಳಗೆ ಇಳಿಯುತ್ತವೆ. ಒಂದೂ ಅಡ್ಡ ಹೋಗುವುದಿಲ್ಲ. "ಇದು ನಮ್ಮ ಮಾತಿನಂಗ ಐತಲ್ರಿ!" ಅನ್ನುತ್ತಾರೆ. 'ಮಿರ್ ಇಸ್ಟ್ ಕಾಲ್ಟ್' ಕೂಡ ಹಾಗೇ, ನಮ್ಮ 'ನನಗೆ ಚಳಿ'. ಇಂಗ್ಲಿಷಿನಲ್ಲಿ ಯೋಚಿಸಿ ಬರುವವರು 'ಇಷ್ ಬಿನ್ ಕಾಲ್ಟ್' ಅಂದು ಸಿಕ್ಕಿಬೀಳುತ್ತಾರೆ. ಕನ್ನಡ ಮೀಡಿಯಮ್ಮಿನವರು ಇಲ್ಲಿ ಹಿಂದೆ ಬೀಳುವುದಿಲ್ಲ, ಇದನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕು.

ಎ2ಕ್ಕೆ ಪ್ರವೇಶ ಪರೀಕ್ಷೆ ಇಡುವ ಪ್ರಯೋಗವನ್ನೂ ಮಾಡಿದೆ. ಕೆಟ್ಟ ವಿಚಾರ. ಕಡಿಮೆ ಬಂದವರು ನಾಚಿಕೊಂಡು ಬೇರೆ ಕಡೆ ಹೋದರು. ಒಂದೇ ಸಲಕ್ಕೆ ನಿಲ್ಲಿಸಿದೆ.

ಅದರ ಬದಲು ಈಗ ಪ್ರತಿಯೊಬ್ಬರೂ ಒಂದು ನಿಮಿಷದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಕಳಿಸಬೇಕು: ನಿನ್ನೆ ಏನು ಮಾಡಿದೆ ಅಂತ, ಜರ್ಮನ್‌ನಲ್ಲಿ, ಕಾಗದ ನೋಡದೆ. ಅದು ನೇರ ಮೇಡಂಗೆ. ಬೈಲಹೊಂಗಲದ ಹುಡುಗನೊಬ್ಬ ಬಸ್ ಸ್ಟ್ಯಾಂಡಿನಲ್ಲೇ ನಿಂತು ಕಳಿಸಿದ್ದ. ಹಿಂದೆ ಕಂಡಕ್ಟರ್ "ಧಾರವಾಡ, ಧಾರವಾಡ" ಅಂತ ಕೂಗುತ್ತಿದ್ದ. ಆ ಗದ್ದಲದಲ್ಲೂ ಅವನ ಭೂತಕಾಲ ಎಲ್ಲಿ ತಪ್ಪುತ್ತದೆ ಅಂತ ಮೇಡಂಗೆ ಗೊತ್ತಾಯಿತು. 88, 72 ಅನ್ನುವ ಅಂಕ ಇದನ್ನು ಹೇಳುವುದಿಲ್ಲ.

ಕೊನೆಯದು ಖಾಲಿ ದಿನಗಳ ಕಾಟ. ಪರೀಕ್ಷೆ, ರಿಸಲ್ಟು, ಹೊಸ ಬ್ಯಾಚು ಅಂತ ಇಪ್ಪತ್ತು ದಿನ ಹೋಗುತ್ತದೆ. ಗಣಪತಿ ಹಬ್ಬ ಬಂದರೆ ಬೆಳಗಾವಿಯಲ್ಲಿ ಕೇಳುವುದೇ ಬೇಡ. ಜರ್ಮನ್ ಪರೀಕ್ಷೆ ನಡೆಸುವ ಗೋಯಥೆ ಸಂಸ್ಥೆಯ ಪಟ್ಟಿಯಲ್ಲಿ ಎ1ಕ್ಕೆ ಸುಮಾರು 650 ಪದ, ಎ2ಕ್ಕೆ 1300, ಅದರ ಮುಂದಿನ ಹಂತ ಬಿ1ಕ್ಕೆ 2400. ಅಂದರೆ ಎ2ಕ್ಕೆ ಕಾಲಿಡುತ್ತಲೇ ಹೊರೆ ಎರಡರಷ್ಟು. ಆ ಹೊತ್ತಿಗೆ ಹಳೆಯ 650ರಲ್ಲಿ ಅರ್ಧ ಉದುರಿದ್ದರೆ ಏನು ಗತಿ? ಅದಕ್ಕೆ ಗುರುವಾರ ಸಂಜೆ ಒಂದು ತಾಸು ಎಲ್ಲ ಹಂತದವರೂ ಸೇರುತ್ತೇವೆ. ಫೀ ಇಲ್ಲ, ಪುಸ್ತಕ ಇಲ್ಲ, ಚಹಾ ಉಂಟು. ಮರಾಠಿ ಮನೆಯ ಹುಡುಗರು ಅಲ್ಲಿ ಲೆಕ್ಕದ ಮಾಸ್ತರರು. ಜರ್ಮನ್‌ನಲ್ಲಿ 25 ಅಂದರೆ 'ಐದು ಮತ್ತು ಇಪ್ಪತ್ತು', ಅವರ 'ಪಂಚವೀಸ್' ಥರವೇ ಅಲ್ವಾ?

ಎ2ದಿಂದ ಬಿ1ಕ್ಕೆ ದಾಟಿಸುವುದು ನನಗೆ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಅಲ್ಲಿ ಓದು, ಕೇಳು, ಬರಹ, ಮಾತು ನಾಲ್ಕಕ್ಕೂ ಬೇರೆ ಬೇರೆಯಾಗಿ 100ಕ್ಕೆ 60 ಬೇಕು. ಬಿದ್ದದ್ದನ್ನು ಮಾತ್ರ ಮತ್ತೆ ಕಟ್ಟಬಹುದು, ಅದೊಂದು ಪುಣ್ಯ.

ಗೋಕಾಕದ ಹುಡುಗಿ ಆಗ ಎ2 ಬಿಟ್ಟಿದ್ದಳು. ಫೋನ್ ಮಾಡಿ ಕರೆಸಿದೆ, ಮುಂದಿನ ಬ್ಯಾಚಿಗೆ ಬಂದಳು. ಈಗ ಬಿ1ರಲ್ಲಿ ಮೂರು ಪಾಸಾಗಿದ್ದಾಳೆ, ಮಾತು ಒಂದು ಬಾಕಿ. ಅದಕ್ಕೇ ಗುರುವಾರ ತಪ್ಪಿಸುವುದಿಲ್ಲ. ಹೋದ ವಾರ ನಾನು ಮರೆತು "ಲಗೂ ಮಾಡ್ರಿ" ಅಂದೆ. ಅವಳು ಗೋಡೆಯ ಶೀಟಿನ ಕಡೆ ಬೆರಳು ತೋರಿಸಿದಳು. "ಸರ, ನೋಖ್ ಮಾಲ್, ಬಿಟ್ಟೆ."