ಭಾವನ ಪಿಎಫ್, ಅಕ್ಕನ ಪಿಂಚಣಿ: ಎಲ್ಲಿ ಸಿಕ್ಕಿಕೊಂಡಿತ್ತು, ಹೇಗೆ ಬಿಡಿಸಿದೆವು

ಭಾವ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಅಕ್ಕನಿಗೆ ಎಲ್ಲರೂ ಹೇಳಿದ್ದು ಪಿಎಫ್ ದುಡ್ಡಿನ ವಿಷಯ ಒಂದೇ. ನಿಜಕ್ಕೂ ಸಿಗಬೇಕಾದ್ದು ಮೂರು: ಪಿಎಫ್ ಮೊತ್ತ, ಇಪಿಎಸ್ 1995ರ (ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಯೋಜನೆ) ಕುಟುಂಬ ಪಿಂಚಣಿ, ಇಡಿಎಲ್‌ಐ ವಿಮೆ (ಪಿಎಫ್ ಜೊತೆಗೇ ಇರುವ ಜೀವ ವಿಮೆ). ವಿಮೆಯೇ 7 ಲಕ್ಷದವರೆಗೆ ಬರಬಹುದು. ಇದನ್ನು ಯಾರೂ ಹೇಳುವುದಿಲ್ಲ, ಅದೇ ನನಗೆ ಸಂಕಟ.

ನಮ್ಮ ಅರ್ಜಿ ಮುಂದೆ ಹೋಗಲೇ ಇಲ್ಲ. ಕಾರಣ ಸಣ್ಣದು. ಕಂಪನಿಯವರು ಭಾವನ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ‘ಮರಣ’ ಅನ್ನುವ ಕಾರಣವನ್ನೂ ತುಂಬಿರಲಿಲ್ಲ. ಮರಣ ಪ್ರಮಾಣಪತ್ರದ ಪ್ರತಿ ಇಟ್ಟು ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆದೆವು. ಬಾಯಲ್ಲಿ ಕೇಳಿದ್ದಕ್ಕಿಂತ ಬರಹಕ್ಕೆ ಬೆಲೆ ಜಾಸ್ತಿ. ಅವರು ತುಂಬಿದ ಮೇಲೆ ದಾರಿ ತೆರೆಯಿತು.

ಭಾವ ನಾಮಿನಿ ಹಾಕಿರಲಿಲ್ಲ. ಹಾಗಾಗಿ ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಮಾಡಿಸಿದೆವು. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಫಾರಂ 20 (ಪಿಎಫ್‌ಗೆ), 10ಡಿ (ಪಿಂಚಣಿಗೆ), 5ಐಎಫ್ (ವಿಮೆಗೆ) ಮೂರನ್ನೂ ಸೇರಿಸಿದ ಒಂದೇ ಅರ್ಜಿ ಇದೆ. ಅದರಲ್ಲಿ ಪಿಂಚಣಿ ಭಾಗವನ್ನು ಖಾಲಿ ಬಿಡಬೇಡಿ. ಅಕ್ಕನ ಪಿಂಚಣಿಯ ಜೊತೆಗೆ ಇಬ್ಬರು ಮಕ್ಕಳಿಗೂ 25 ವರ್ಷ ಆಗುವವರೆಗೆ ಅದರ ತಲಾ ಕಾಲು ಭಾಗ ಸಿಗುತ್ತದೆ. ಈಗ ಪ್ರತಿ ತಿಂಗಳು ಬರುತ್ತಿದೆ.