ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಗಂಟೆ ಎಷ್ಟು, ಲೆಕ್ಕ ಹಾಕೋದು ಹೀಗೆ

ಟಿಕೆಟ್ ನೋಡಿ "ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತಂತೆ, ಬರೀ ಮೂರು ಗಂಟೆನಾ?" ಅಂತ ಕೇಳೋರು ಇನ್ನೂ ಇದಾರೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು ದೂರ. ಗೋಡೆ ಮೇಲಿನ ಮ್ಯಾಪ್‌ಗೆ ಸ್ಕೇಲ್ ಇಟ್ಟು ಅಳೀಬೇಡಿ, ಮಕ್ಕಳ ಗ್ಲೋಬ್ ಇದ್ರೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ, ದಾರ ಉತ್ತರ ಧ್ರುವ ಪ್ರದೇಶದ ಅಂಚಲ್ಲಿ ಹಾದುಹೋಗುತ್ತೆ. ಹೆಚ್ಚುಕಮ್ಮಿ 14,000 ಕಿ.ಮೀ.

ಆಮೇಲೆ ಹಾರಾಟದ ಸಮಯ. ದೊಡ್ಡ ವಿಮಾನ ಮೇಲೇರಿದ್ಮೇಲೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತೆ, ಭಾಗಿಸಿ, ಏರೋಕೆ ಇಳಿಯೋಕೆ ರನ್‌ವೇಲಿ ತೆವಳೋಕೆ ಅಂತ ಒಂದು ಗಂಟೆ ಸೇರಿಸಿ, ಹದಿನಾರೂವರೆ ಬಂತು. ಗಾಳಿ ಎದುರಾದ್ರೆ, ಯಾವುದೋ ದೇಶ ತನ್ನ ಆಕಾಶ ಮುಚ್ಚಿದ್ರೆ ಇನ್ನೂ ಹೆಚ್ಚು. ದೂರ ತೋರಿಸೋ ಕೆಲವು ವೆಬ್‌ಸೈಟ್‌ಗಳು ನೇರ ವಿಮಾನ ಇದೆಯೋ ಇಲ್ವೋ ನೋಡದೇ ಬರೀ ಭಾಗಾಕಾರ ಮಾಡಿ ನಿಮಿಷದ ಸಮೇತ ಉತ್ತರ ಕೊಡ್ತವೆ, ಅವನ್ನ ನಂಬಿ ಕ್ಯಾಬ್ ಬುಕ್ ಮಾಡ್ಬೇಡಿ.

ಎಲ್ರೂ ಎಡವೋದು ಇಲ್ಲಿಂದ ಮುಂದೆ. ಟಿಕೆಟ್‌ನಲ್ಲಿ ಹೊರಡೋ ಟೈಮ್ ಹೊರಡೋ ಊರಿಂದು, ಇಳಿಯೋ ಟೈಮ್ ಇಳಿಯೋ ಊರಿಂದು. ಹಾಗಾಗಿ ಕಳೆಯೋ ಮುಂಚೆ ಎರಡನ್ನೂ ಒಂದೇ ಊರಿನ ಗಡಿಯಾರಕ್ಕೆ ತರ್ಬೇಕು, ನಾನಂತೂ ಎಲ್ಲವನ್ನೂ ನಮ್ಮ ಟೈಮ್‌ಗೇ ತರ್ತೀನಿ, ಪೇಪರ್ ಪೆನ್ನಲ್ಲೇ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲನೇ ಭಾನುವಾರದವರೆಗೆ ಹನ್ನೆರಡೂವರೆ, ಯಾಕಂದ್ರೆ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರೆ, ನಾವು ತಿರುಗಿಸಲ್ಲ. ಜನವರೀಲಿ ಅಲ್ಲಿನ ಸಂಜೆ 5ಕ್ಕೆ ಹದಿಮೂರೂವರೆ ಸೇರಿಸಿ: ನಮ್ಮಲ್ಲಿ ಮಾರನೇ ದಿನ ಬೆಳಗ್ಗೆ 6:30. ಹಿಂದಿನ ಮಧ್ಯಾಹ್ನ 2ರಿಂದ ಎಣಿಸಿದ್ರೆ ಹದಿನಾರೂವರೆ ಗಂಟೆ, ಸರಿಹೋಯ್ತಲ್ಲ.

ವಾಪಸ್ ಬರುವಾಗ ತಾರೀಖೂ ಜಾರುತ್ತೆ. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು ಇಲ್ಲಿ ಇಳಿದಿದ್ದು 11ರ ಬೆಳಗಿನ ಜಾವ, ಆದ್ರೆ ಹಾರಿದ್ದು ಹದಿನೇಳು ಗಂಟೆ ಚಿಲ್ಲರೆ ಅಷ್ಟೇ. "ಮಂಗಳವಾರ 3:00" ಅಂತಿದ್ರೆ ಮನೆಯವರು ಸೋಮವಾರ ರಾತ್ರಿ ಊಟ ಮುಗಿಸಿ ದೇವನಹಳ್ಳಿ ಕಡೆ ಹೊರಡ್ಬೇಕು, ಮಂಗಳವಾರ ರಾತ್ರಿ ಅಲ್ಲ! ಟಿಕೆಟ್ ಮೂಲೇಲಿ ಸಣ್ಣಕ್ಕೆ +1, +2 ಅಂತಿರುತ್ತೆ, ಅಂದ್ರೆ ಇಳಿಯೋದು ಹೊರಟ ತಾರೀಖಿಗಿಂತ ಒಂದು ದಿನ, ಎರಡು ದಿನ ಆದ್ಮೇಲೆ ಅಂತ, ವಾಟ್ಸಾಪ್‌ಗೆ ಫೋಟೋ ಕಳಿಸುವಾಗ ಅದೇ ಕಟ್ ಆಗಿರುತ್ತೆ.

ದುಬೈಯಲ್ಲೋ ಫ್ರಾಂಕ್‌ಫರ್ಟಲ್ಲೋ ಇಳಿದು ಹತ್ತೋದಾದ್ರೆ ಮಧ್ಯದ ಊರಿನ ಟೈಮ್ ಬಿಟ್ಟೇಬಿಡಿ, ಮೊದಲನೇ ಹೊರಡೋದು ಕೊನೇ ಇಳಿಯೋದು ಎರಡೇ ಸಾಕು. ಮಧ್ಯೆ ಕಾಯೋಕೆ ಎರಡು ಗಂಟೆಗಿಂತ ಕಡಿಮೆ ಇರೋ ಟಿಕೆಟ್ ಮಾತ್ರ ತಗೋಬೇಡಿ, ವಯಸ್ಸಾದ ಅಪ್ಪ ಅಮ್ಮ ಹೊರಟಿದ್ರೆ ಮೂರು ಗಂಟೆನಾದ್ರೂ ಇರ್ಲಿ, ಎಷ್ಟೇ ದುಡ್ಡು ಉಳಿದ್ರೂ.