ವಲಸಿಗ ಪತ್ರಕರ್ತರ ಜೀವನಚರಿತ್ರೆ ಬರೆಯುವುದು ಹೇಗೆ: ಜೆಯ್ಹುನ್ ಹಾಜಿಬೆಯ್ಲಿ ನೆಪದಲ್ಲಿ

ಅಝರ್‌ಬೈಜಾನಿ ಬರಹಗಾರ, ಪತ್ರಕರ್ತ ಜೆಯ್ಹುನ್ ಹಾಜಿಬೆಯ್ಲಿ ಹುಟ್ಟಿದ್ದು 1891ರಲ್ಲಿ, ಕರಾಬಾಖ್ ಪ್ರದೇಶದ ಶುಶಾ ಪಟ್ಟಣದಲ್ಲಿ. ತೀರಿಕೊಂಡದ್ದು 1962ರಲ್ಲಿ, ಪ್ಯಾರಿಸ್‌ನಲ್ಲಿ. ಇವರ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುವುದಾದರೆ ಮೊದಲು ಒಂದು ಹಾಳೆಯಲ್ಲಿ ಹೆಸರಿನ ರೂಪಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಅಝರ್‌ಬೈಜಾನಿ ಭಾಷೆಯ ಲಿಪಿ ಒಂದೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್‌ಗೆ, ಅಲ್ಲಿಂದ ಸಿರಿಲಿಕ್‌ಗೆ, 1991ರ ನಂತರ ಮತ್ತೆ ಲ್ಯಾಟಿನ್‌ಗೆ ಬದಲಾಗಿದೆ. ಈಗಿನ ಲಿಪಿಯಲ್ಲಿ 'ಸಿ' ಅಕ್ಷರದ ಉಚ್ಚಾರ 'ಜ'. ಇಂಗ್ಲಿಷಿನ ಅಭ್ಯಾಸದಲ್ಲಿ ಓದಿದವರು 'ಸೆಯ್ಹುನ್' ಎಂದು ಬರೆದುಬಿಡುತ್ತಾರೆ. ರಷ್ಯನ್ನಿನಲ್ಲಿ 'ಹ' ಇಲ್ಲ, ಹಾಗಾಗಿ ಹಾಜಿ ಅಲ್ಲಿ 'ಗಾಜಿ' ಆಗುತ್ತದೆ, ಕೊನೆಗೆ 'ಬೆಕೋವ್' ಸೇರುತ್ತದೆ. ಫ್ರೆಂಚರು 'ಜೆ'ಗೆ ಮುಂಚೆ 'ಡಿ' ಹಾಕುತ್ತಾರೆ. ಒಂದೊಂದು ರೂಪವನ್ನೂ ಬೇರೆಬೇರೆಯಾಗಿ ಹುಡುಕಬೇಕು. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಸಂಗ್ರಹವಾದ ಗ್ಯಾಲಿಕಾದಲ್ಲಿ ಇಂಗ್ಲಿಷ್ ಕಾಗುಣಿತ ಕೊಟ್ಟು ಏನೂ ಸಿಗಲಿಲ್ಲವೆಂದರೆ ಅಲ್ಲಿ ಏನೂ ಇಲ್ಲ ಎಂದರ್ಥವಲ್ಲ.

ಸಂಗೀತ ಸಂಯೋಜಕ ಉಝೆಯಿರ್ ಹಾಜಿಬೆಯ್ಲಿ ಇವರ ಅಣ್ಣ. ಅವರೂ ಪತ್ರಕರ್ತರೇ. 1918ರಲ್ಲಿ ಶುರುವಾದ 'ಅಝರ್‌ಬೈಜಾನ್' ಪತ್ರಿಕೆಯ ಸಂಪಾದಕತ್ವವನ್ನು ಇಬ್ಬರೂ ಒಂದೊಂದು ಹೊತ್ತಿನಲ್ಲಿ ನೋಡಿಕೊಂಡವರು. ಆದ್ದರಿಂದ ಲೇಖನದ ಕೆಳಗೆ ಬರೀ ಮನೆಹೆಸರಿದ್ದರೆ ಅದನ್ನು ತಮ್ಮನ ಖಾತೆಗೆ ಹಾಕಬೇಡಿ. ಇನಿಷಿಯಲ್ ನೋಡಿ, ಅದೂ ಇಲ್ಲದಿದ್ದರೆ ಆ ತುಣುಕನ್ನು ಬಿಟ್ಟುಬಿಡಿ.

ಮುಂದಿನ ತೊಡಕು ತಾರೀಖಿನದು. ರಷ್ಯನ್ ಸಾಮ್ರಾಜ್ಯದ ಹಳೆಯ ಪಂಚಾಂಗದ ತಾರೀಖನ್ನು ಈಗಿನ ಪಂಚಾಂಗಕ್ಕೆ ತರಲು 19ನೇ ಶತಮಾನದ ದಿನಾಂಕವಾದರೆ 12 ದಿನ, 1900ರ ಮಾರ್ಚ್ ನಂತರದ್ದಾದರೆ 13 ದಿನ ಕೂಡಿಸಬೇಕು. ಆಕರದಲ್ಲಿ ಆಗಲೇ ಕೂಡಿಸಿದ್ದಾರೋ ಇಲ್ಲವೋ ಗೊತ್ತಾಗದಿದ್ದರೆ ಇಸವಿ ಮಾತ್ರ ಕೊಡಿ. ಎರಡೆರಡು ಸಲ ಕೂಡಿಸಿದ ಹುಟ್ಟುಹಬ್ಬಗಳು ಎಷ್ಟೋ ಇವೆ. ಊರಿಗೂ ಇದೇ ಎಚ್ಚರ ಬೇಕು: 1891ರಲ್ಲಿ ಶುಶಾ ಇದ್ದದ್ದು ಎಲಿಸಾವೆತ್‌ಪೋಲ್ ಪ್ರಾಂತ್ಯದಲ್ಲಿ, ಅಝರ್‌ಬೈಜಾನ್ ಎಂಬ ರಾಜ್ಯ ಆಗಿನ್ನೂ ಇರಲಿಲ್ಲ. ಆ ಕಾಲದ ರಷ್ಯನ್ ದಾಖಲೆಗಳಲ್ಲಿ ಈ ಜನರನ್ನು 'ತಾತಾರರು', 'ಮುಸಲ್ಮಾನರು' ಎಂದೇ ಬರೆದಿರುತ್ತದೆ. ಹುಡುಕುವಾಗ ಆ ಪದಗಳನ್ನೇ ಹಾಕಿ.

ಹೆಚ್ಚಿನ ಲೇಖನಗಳು ಕೆಡುವುದು ವಲಸೆಯ ಘಟ್ಟಕ್ಕೆ ಬಂದಾಗ. 'ಬೋಲ್ಶೆವಿಕರಿಗೆ ಹೆದರಿ ಓಡಿಹೋದರು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ದಿನಾಂಕಗಳನ್ನು ಸಾಲಾಗಿ ಜೋಡಿಸಿದರೆ ಬೇರೆಯೇ ಕಥೆ ಕಾಣುತ್ತದೆ. 1918ರಲ್ಲಿ ಸ್ವತಂತ್ರವಾದ ಅಝರ್‌ಬೈಜಾನ್ ಗಣರಾಜ್ಯ ಕಳಿಸಿದ, ಅಲಿಮರ್ದಾನ್ ತೊಪ್ಚುಬಾಶೊವ್ ನೇತೃತ್ವದ ನಿಯೋಗದ ಜೊತೆ ಜೆಯ್ಹುನ್ ಮೊದಲ ಮಹಾಯುದ್ಧದ ನಂತರದ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆಂದು 1919ರಲ್ಲಿ ಹೊರಟವರು. ವೀಸಾ ಸಿಗದೆ ನಿಯೋಗ ಇಸ್ತಾಂಬುಲ್‌ನಲ್ಲೇ ತಿಂಗಳುಗಟ್ಟಲೆ ಕಾಯಬೇಕಾಯಿತು. ಪ್ಯಾರಿಸ್ ತಲುಪಿದ ಮೇಲೆ ಮೇ 28ರಂದು ಅಮೆರಿಕದ ಅಧ್ಯಕ್ಷ ವಿಲ್ಸನ್ ಭೇಟಿಯಾಯಿತು. 1920ರ ಜನವರಿ 11ರಂದು ಮಿತ್ರರಾಷ್ಟ್ರಗಳು ಅಝರ್‌ಬೈಜಾನಿಗೆ ವಾಸ್ತವಿಕ ಮಾನ್ಯತೆ ಕೊಟ್ಟವು. ಅದೇ ವರ್ಷ ಏಪ್ರಿಲ್ ಕೊನೆಗೆ ರಾಜಧಾನಿ ಬಾಕು ಬೋಲ್ಶೆವಿಕರ ಕೆಂಪು ಸೇನೆಯ ಕೈಸೇರಿತು. ಅಂದರೆ ಇವರು ಸರ್ಕಾರಿ ಕೆಲಸದ ಮೇಲೆ ಪರದೇಶದಲ್ಲಿದ್ದಾಗಲೇ ಇವರನ್ನು ಕಳಿಸಿದ ಸರ್ಕಾರ ಇಲ್ಲವಾಯಿತು. 1924ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಪ್ಯಾರಿಸ್‌ನಲ್ಲಿದ್ದ ಇಂಥ ನಿಯೋಗಗಳಿಗೆ ಉಳಿದಿದ್ದ ಅಷ್ಟಿಷ್ಟು ಆಸರೆಯೂ ಆಗ ಹೋಯಿತು. 1920ರ ಏಪ್ರಿಲ್, 1924ರ ಅಕ್ಟೋಬರ್, ಈ ಎರಡು ದಿನಾಂಕಗಳಿಗೆ ಒಂದೊಂದು ಪ್ಯಾರಾ ಮೀಸಲಿಡಿ.

ಬರಹಗಳನ್ನು ವರ್ಷವಾರು ಪೇರಿಸುವುದಕ್ಕಿಂತ ಯಾರಿಗಾಗಿ ಬರೆದದ್ದು ಎಂದು ನೋಡಿ ವಿಂಗಡಿಸುವುದು ಮೇಲು. ಬಾಕುವಿನ ಪತ್ರಿಕಾ ಬರಹ ಊರ ಓದುಗರಿಗೆ. ಫ್ರೆಂಚ್ ಬರಹ ಯುರೋಪಿನ ಓದುಗರಿಗೆ. 1930ರ ದಶಕದಲ್ಲಿ ಫ್ರೆಂಚ್ ವಿದ್ವತ್ ಪತ್ರಿಕೆ 'ಜೂರ್ನಾಲ್ ಆಸಿಯಾತಿಕ್'ನಲ್ಲಿ ಬಂದ ಕರಾಬಾಖ್ ಆಡುಭಾಷೆ, ಜಾನಪದದ ಅಧ್ಯಯನ ಇಲ್ಲಿಗೆ ಸೇರುತ್ತದೆ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಬಾಳಿಕೆ ಬರುವ ಕೆಲಸ ಅದೇ. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ಮ್ಯೂನಿಕ್‌ನ ವಲಸಿಗ ಸಂಸ್ಥೆಗಳಿಗಾಗಿ ಬರೆದ ಬರಹಗಳನ್ನು ಉದ್ಧರಿಸುವಾಗ ಮಾತ್ರ, ಅಲ್ಲಿನ ವಲಸಿಗರ ರೇಡಿಯೊ, ಸಂಶೋಧನಾ ಸಂಸ್ಥೆಗಳು ಅಮೆರಿಕದ ಹಣದಲ್ಲಿ ನಡೆಯುತ್ತಿದ್ದವು ಎಂಬುದನ್ನು ಅದೇ ವಾಕ್ಯದಲ್ಲಿ ತಿಳಿಸಿ. ಇದನ್ನು ಅಡಿಟಿಪ್ಪಣಿಗೆ ತಳ್ಳಿದರೆ ಓದುಗರ ಕಣ್ಣಿಗೆ ಬೀಳುವುದಿಲ್ಲ.